ನೀಲಿಗಟ್ಟಿದ ಅಣಬೆ

ನನಗೊಂದು ಕೆಟ್ಟ ಚಾಳಿಯಿದೆ. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ. ಈ ಪರದೇಶದಲ್ಲಿ, ವೆಸ್ಟ್‌ಲ್ಯಾಂಡ್ಸ್‌ನ ನನ್ನ ಆಫೀಸಿನಲ್ಲಿ, ಇದನ್ನು ಅನುಭವ ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ ಸುಧಾ ಏನೆನ್ನುತ್ತಾಳೆಂದು ಬರೆಯುವಂತಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಲಂಗಾಟಾದ ನಮ್ಮ ಮನೆಯ ಹತ್ತಿರದ ಕಾಡಿಗೆ ವಾಕಿಂಗ್ ಹೋದಾಗ, ಪೈನ್ ಮರದ ಬುಡದಲ್ಲಿ ಎರಡು ಕಂದು ಅಣಬೆ ಕಂಡವು. ಕೊಡೆಯ ಅಡಿ ಪದರಗಳಿಲ್ಲ, ಸ್ಪಂಜಿನ ಹಾಗೆ ತೂತುಗಳು. ಫೋಟೊ ತೋರಿಸಿದರೆ ಮೊಬೈಲು ಬೊಲೀಟ್ ಎಂಬ ತಿನ್ನುವ ಜಾತಿ ಎಂದಿತು. “ಯುರೋಪಿನಲ್ಲಿ ಇದಕ್ಕೆ ಪ್ರಾಣ ಬಿಡ್ತಾರೆ,” ಎಂದು ಸುಧಾಗೆ ಹೇಳುತ್ತ ಮನೆಯೊಳಗೆ ತಂದೆ.

ಮನೆಗೆಲಸದ ಗ್ರೇಸ್ ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. “ಹಪಾನಾ, ಬೇಡ,” ಎಂದು ತನ್ನ ಭಾಷೆಯಲ್ಲೂ ನಮ್ಮದರಲ್ಲೂ ಹೇಳಿ ಕೈಯಾಡಿಸಿದಳು. ನಾನು ನಕ್ಕೆ. ಚಿಕ್ಕದನ್ನು ಹೆಚ್ಚಿ ನೇರ ಬಿಸಿ ಬೆಣ್ಣೆಗೆ ಹಾಕಿ, ಮೆಣಸಿನಪುಡಿ ಉದುರಿಸಿ, ಒಂದು ಚೂರು ಬಾಯಿಗಿಟ್ಟೆ. ಅಮೃತ! ಆಮೇಲೆ ದೊಡ್ಡದನ್ನು ಕೊಯ್ದೆ.

“ಅಪ್ಪಾ, ಇಟ್ಸ್ ಟರ್ನಿಂಗ್ ಬ್ಲೂ!” ಎಂದು ಮಗಳು ಕಿರುಚಿದಳು.

ಹಳದಿಯಾಗಿದ್ದ ತಿರುಳು ನನ್ನ ಕಣ್ಣೆದುರೇ ಶಾಯಿ ಚೆಲ್ಲಿದಂತೆ ನೀಲಿಗಟ್ಟಿತು. ಚಾಕು ಕೈಯಿಂದ ಬಿತ್ತು. ನಾಲಿಗೆ ಜುಮ್ಮೆಂದಿತು. ಸುಧಾ ಬೆಳ್ಳಗಾಗಿ ನಿಂತಿದ್ದವಳು ಉಳಿದ ಅಣಬೆಯನ್ನು ಡಬ್ಬಿಗೆ ಹಾಕಿ, ನನ್ನನ್ನು ಟ್ಯಾಕ್ಸಿಗೆ ಹತ್ತಿಸಿದಳು. ದಾರಿಯುದ್ದಕ್ಕೂ ಇನ್ಶೂರೆನ್ಸ್ ಕಾಗದ ಎಲ್ಲಿದೆಯೆಂದು ನಾನು ಹೇಳುತ್ತಲೇ ಇದ್ದೆ.

ಆಸ್ಪತ್ರೆಯ ಡಾಕ್ಟರು ಡಬ್ಬಿ ನೋಡಿದರು. ನೀಲಿಯಾದುದೆಲ್ಲ ವಿಷವಲ್ಲ, ಆಗದಿರುವುದೆಲ್ಲ ಒಳ್ಳೆಯದೂ ಅಲ್ಲ, ಮೊಬೈಲನ್ನು ನಂಬಿ ಕಾಡಿನದನ್ನು ತಿನ್ನುತ್ತಾರೆಯೇ ಎಂದು ಗದರಿ ಮಂಚದ ಮೇಲೆ ಮಲಗಿಸಿದರು. ಸುಧಾ ಪಕ್ಕದಲ್ಲೇ ಕೂತು ನನ್ನ ಕೈ ಹಿಡಿದಿದ್ದಳು. ಅವಳ ಕೈ ನನ್ನದಕ್ಕಿಂತ ತಣ್ಣಗಿತ್ತು.

“ರೀ, ಡಾಕ್ಟರಿಗೆ ನಂದೂ ಹೇಳ್ಬೇಕು,” ಎಂದಳು ಮೆಲ್ಲಗೆ. “ನಾನೂ ಬಾಣಲೆಯಿಂದ ಒಂದು ಚೂರು ತಿಂದಿದೀನಿ.”

ನಾನು ಎದ್ದು ಕೂತೆ. “ನೀನ್ಯಾಕೆ ತಿಂದೆ?”

“ನೀವು ಅಷ್ಟು ಗಟ್ಟಿಯಾಗಿ ಹೇಳಿದ್ರಲ್ಲ. ನಿಜ ಇರ್ಬೇಕು ಅಂದ್ಕೊಂಡೆ.”

ಪಕ್ಕದ ಮಂಚಕ್ಕೂ ಹಾಸಿಗೆ ಹಾಸಿದರು. ಮರುದಿನದವರೆಗೆ ಇಬ್ಬರನ್ನೂ ಇಟ್ಟುಕೊಂಡು ನೋಡಿದರು, ಏನೂ ಆಗಲಿಲ್ಲ. ಆದರೆ ಹದಿನಾರು ವರ್ಷದ ಸಂಸಾರದಲ್ಲಿ ಅವಳು ಎದುರಾಡದೆ ನನ್ನ ಮಾತು ನಂಬಿದ್ದು ಅದೇ ಮೊದಲು. ಅದು ತಿಳಿದ ಗಳಿಗೆಯಲ್ಲಿ ಮಾತ್ರ ನನ್ನ ಹೊಟ್ಟೆ ನಿಜವಾಗಿ ತೊಳಸಿತ್ತು.