ಹಲ್ಲಿಗೆ ಹಾಕಿದ ಆರ್ಕೆಸ್ಟ್ರಾ ಲೈಟು

ಬೆಳಕಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಗಂಡಸು ರಾಯಚೂರು ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಮೊನ್ನೆಯವರೆಗೂ ಹೇಳಿಕೊಂಡು ತಿರುಗುತ್ತಿದ್ದೆ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಲೈಟಿಂಗ್ ಅಂಗಡಿ ಇಟ್ಟಿರುವ ಹಂಪಣ್ಣ ಅಂದರೆ ನಾನೇ. ಶಾಲೆ ನನ್ನನ್ನು ಬೇಗ ಬಿಟ್ಟಿತು, ಕರೆಂಟು ಮಾತ್ರ ಇನ್ನೂ ಹಿಡಿದುಕೊಂಡಿದೆ. ಜಾಲಹಳ್ಳಿಯ ಮದುವೆಯಿರಲಿ, ಕುರ್ಡಿಯ ಉರುಸಿರಲಿ, ಕತ್ತಲೆಯನ್ನು ಊರ ಹೊರಗೆ ಅಟ್ಟಿ ಬರುವವನು ನಾನು.

ಹಾಗಾಗಿ ಮಾನ್ವಿಯ ಉದಯಕುಮಾರ, ಅಂದರೆ ನನ್ನ ಹೆಂಡತಿಯ ತಮ್ಮ, ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಮುಂಚೆ ತನ್ನ ಹಲ್ಲಿಯನ್ನು ನಮ್ಮ ಮನೆಗೆ ತಂದಾಗ ನಾನು ಎದೆಯುಬ್ಬಿಸಿದೆ. ಇದು ಗೋಡೆಯ ಹಲ್ಲಿಯಲ್ಲ, ಇಗುವಾನಾ. ಮೊಳದುದ್ದದ ಹಸಿರು ಪ್ರಾಣಿ. ಗದ್ದದ ಕೆಳಗೆ ಜೋಲುವ ಚೀಲ, ಬೀಗರ ಊಟದಲ್ಲಿ ತಪ್ಪು ಹುಡುಕುವ ಹಿರಿಯರ ಮುಖ. ಉದಯನ ಜೀವ ಅದರಲ್ಲೇ ಇದೆ.

"ಮಾವಾ, ಗಾಜಿನ ಪೆಟ್ಟಿಗಿ ಮ್ಯಾಲಿನ ಯುವಿಬಿ ಟ್ಯೂಬು ದಿನಾ ಹಗಲೆಲ್ಲಾ ಹಚ್ಚಬೇಕ್ರಿ. ಅದಿಲ್ಲಂದ್ರ ಇದರ ಎಲುಬು ಮೆತ್ತಗಾಗ್ತಾವ. ಕಡೀಕ ಸತ್ತೇ ಹೋಗ್ತದ."

"ಲೈಟಿನ ಮಾತು ನನಗ ಹೇಳ್ತೀಯೇನೋ? ನಡಿ ನಡಿ, ಶ್ರೀಶೈಲದ ಮಲ್ಲಯ್ಯ ಕಾಯಾಕತ್ತಾನ."

ಮರುದಿನವೇ ದೇವದುರ್ಗದಿಂದ ಫೋನು ಬಂತು. ಅವರ ಮದುವೆಯಲ್ಲಿ ನನ್ನ ಸೀರಿಯಲ್ ಸೆಟ್ಟು ಅರ್ಧವೇ ಹತ್ತಿತಂತೆ. ನನಗೆ ಸಿಟ್ಟು ಬಂದರೆ ಹೆಗಲ ಮೇಲಿನ ಟವೆಲು ತಾನೇ ಕೈಗೆ ಬರುತ್ತದೆ. ಝಾಡಿಸಿದೆ. ಅದರ ಏಟಿಗೆ ಪೆಟ್ಟಿಗೆಯ ಮೇಲಿನ ಯುವಿಬಿ ಟ್ಯೂಬು ಟಪ್ಪೆಂದು ಒಡೆಯಿತು.

ಸದ್ದು ಕೇಳಿ ಹೆಂಡತಿ ಬಸವಂತಮ್ಮ ಅಡುಗೆಮನೆಯಿಂದ ಬಂದಳು. "ಈ ಹಲ್ಲಿಗೇನರ ಆದ್ರ ನಾ ತವರುಮನಿ ಹೊಸ್ತಿಲಾ ತುಳಿಯಂಗಿಲ್ಲ ನೋಡ್ರಿ. ಉದಯಗ ಒಂದು ಮಾತು ಕೇಳಿ..."

"ನಿನ್ನ ತಮ್ಮಗ ಹೇಳಿದ್ರ ಖಬರ್‌ದಾರ್. ಹುಟ್ಟಿದಾಗಿಂದ ಲೈಟು ಹಚ್ಚಾಕತ್ತೀನಿ ನಾನು."

"ಹಂಗಲ್ರೀ, ನಾ ಹೇಳೋದು..."

"ಸುಮ್ಮಕುಂದ್ರು."

ಅವಳು ಸುಮ್ಮನೆ ಕೂತಳು. ನಾನು ಲೈಟು ಹುಡುಕಲು ಹೊರಟೆ. ಊರಿನ ಅಂಗಡಿಗಳಲ್ಲಿ ಹಲ್ಲಿಗೆ ಟ್ಯೂಬು ಬೇಕೆಂದರೆ ನನ್ನ ಮುಖವನ್ನೇ ನೋಡಿದರು. ನನ್ನ ಗೋದಾಮಿನ ಹ್ಯಾಲೋಜನ್ ಹಚ್ಚಿದರೆ ಹಲ್ಲಿ ಬಾಯಿ ತೆರೆದು ಏದುಸಿರು ಬಿಟ್ಟಿತು. ಆಮೇಲೆ ಸಿಕ್ಕಿತು ನೋಡಿ, ಆರ್ಕೆಸ್ಟ್ರಾ ವೇದಿಕೆಗೆ ಹಚ್ಚುವ ನೇರಳೆ ಟ್ಯೂಬು. ಡಬ್ಬಿಯ ಮೇಲೆ ಯುವಿ ಎಂದೇ ಇತ್ತು. ಇದೂ ಅದೇ ಜಾತಿಯದು ಎಂದು ತೀರ್ಮಾನ ಕೊಟ್ಟು, ಕರೆಂಟು ಹೋದರೂ ಆರಬಾರದೆಂದು ಅದಕ್ಕೊಂದು ಇನ್ವರ್ಟರ್ ಕಟ್ಟಿದೆ.

ಆದರೆ ದಿನವೂ ಸಂಜೆ ಅಂಗಡಿಯಿಂದ ಬಂದು ನೋಡಿದರೆ ಹಲ್ಲಿ ಕಣ್ಣು ಮುಚ್ಚಿ ಬಿದ್ದಿರುತ್ತಿತ್ತು. ನುಗ್ಗೆಸೊಪ್ಪು ತಟ್ಟೆಯಲ್ಲಿ ಹಾಗೇ ಇರುತ್ತಿತ್ತು. ಮುಟ್ಟಿದರೆ ಒಂದು ಕಣ್ಣನ್ನು ಅರ್ಧ ತೆರೆದು, ನಿನ್ನ ಪಾಪ ನಿನಗೆ ಎಂಬಂತೆ ನೋಡಿ ಮತ್ತೆ ಮುಚ್ಚುತ್ತಿತ್ತು. ಅದು ಸಾಯುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಯಾರಿಗೂ ಹೇಳಲಿಲ್ಲ, ನನಗೇ ಊಟ ಸೇರದಾಯಿತು.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಓಣಿಯ ಕರೆಂಟು ಹೋಯಿತು. ಫ್ಯಾನು ನಿಂತವು, ಟಿವಿಗಳು ನಿಂತವು, ಯಾಕೋ ನಾಯಿಗಳೂ ಸುಮ್ಮನಾದವು. ಫ್ಯೂಸ್ ನೋಡಲು ಕಂಬದವರೆಗೆ ಹೋಗಿ ತಿರುಗಿದೆ. ಕಪ್ಪು ಓಣಿಯಲ್ಲಿ ನಮ್ಮ ಮನೆಯ ಕಿಟಕಿ ಒಂದೇ, ಊದಿದ ಗಾಯದ ಬಣ್ಣದಲ್ಲಿ ಉರಿಯುತ್ತಿತ್ತು.

ಒಳಗೆ ಕಾಲಿಟ್ಟೆ. ಕೋಣೆಯ ನಡುವೆ ಬೆಳ್ಳಗೆ ಹೊಳೆಯುವ ಒಂದು ಧೋತರ ನಿಂತಿತ್ತು. ಅದರೊಳಗೆ ಮನುಷ್ಯ ಇರಲಿಲ್ಲ. ಹಗ್ಗಕ್ಕೆ ನಾನೇ ಒಣಗಲು ಹಾಕಿದ್ದು ಎಂದು ನೆನಪಾಯಿತು, ಆದರೆ ಗಾಳಿಯೇ ಇಲ್ಲದೆ ಅದು ಮೆಲ್ಲಗೆ ಅಲುಗುತ್ತಿತ್ತು. ಅದರಾಚೆ, ಹಿತ್ತಲ ಬಾಗಿಲ ಕತ್ತಲೆಯಲ್ಲಿ, ಮುಖವಿಲ್ಲದ ಒಂದು ಸಾಲು ಹಲ್ಲು ತೆರೆದುಕೊಂಡಿತು.

"ಹಂಪಣ್ಣ ಭಾಯಿ," ಎಂದವು ಹಲ್ಲು.

ನಾನು ಬಾಗಿಲಿಗೆ ಒರಗಿ ಕಣ್ಣರಳಿಸಿ ನೋಡಿದೆ. ಪಕ್ಕದ ಮನೆಯ ಅನ್ವರಿ ಬೇಗಂ, ಕಪ್ಪು ಬುರ್ಖಾದಲ್ಲಿ; ಮುಖ ಕತ್ತಲೆಯಲ್ಲಿ ಅಡಗಿ, ನೇರಳೆ ಬೆಳಕಿಗೆ ಹಲ್ಲಷ್ಟೇ ಹೊಳೆದಿದ್ದವು.

"ನಿಮ್ಮನಿ ಕಿಡಕ್ಯಾಗ ಶೈತಾನ್ ರೋಶನಿ ಕಾಣಾಕತ್ತದ. ಸತ್ತವ್ರನ್ನ ಕರ್ಸಾಕತ್ತೀರೇನು?"

"ಹಲ್ಲಿ ಸಲುವಾಗಿ ಹಚ್ಚೀನಿ ಬೇಗಂ."

"ಎಲ್ಲದ ಹಲ್ಲಿ?"

ನೋಡಿದೆ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಗೋಡೆಯ ಬುಡದಲ್ಲಿ ಏನೋ ಹೊಳೆಯಿತು. ಬೆಂಕಿಯೂ ಅಲ್ಲ, ಬೆಳಕೂ ಅಲ್ಲ, ತನ್ನೊಳಗಿಂದಲೇ ಉರಿಯುವ ತಣ್ಣನೆಯ ಹಸಿರು. ಬೊಗಸೆಯಷ್ಟಿತ್ತು. ಸದ್ದಿಲ್ಲದೆ ನನ್ನ ಕಡೆಗೆ ಬರತೊಡಗಿತು.

ಸತ್ತ ಹಲ್ಲಿಯ ಆತ್ಮ! ನಾನು ಬೆಂಚು ಹತ್ತಿ ಕೈ ಮುಗಿದೆ. "ಯಪ್ಪಾ ಮಲ್ಲಯ್ಯ, ತಪ್ಪಾತು. ಟ್ಯೂಬ್ ಒಡದಾವ ನಾನು, ಹಲ್ಲಿ ಕೊಂದಾವ ನಾನು. ಏನ್ ಮಾಡ್ತೀ ನನಗ ಮಾಡು, ಬಸವಂತಿ ತವರುಮನಿ ಮುರೀಬ್ಯಾಡ."

ಒಳಕೋಣೆಯಿಂದ ಬಸವಂತಮ್ಮ ಚಪ್ಪಲಿ ಹಿಡಿದು ಬಂದಳು. ಫಟ್ ಎಂದಿತು. ಹಸಿರು ನಿಂತಿತು.

"ಆತ್ಮಕ್ಕ ಎಲ್ಲ್ಯಾದ್ರೂ ಕೊಂಡಿ ಇರ್ತದೇನ್ರೀ? ಚೇಳದು. ಈ ಬೆಳಕಿನಾಗ ಹಿಂಗ ಹೊಳೀತಾವ, ನಿನ್ನೇನೂ ಒಂದು ಬಡದೀನಿ. ಕೆಳಗಿಳೀಬ್ಯಾಡ್ರಿ, ಬೆಂಚಿನ ಬುಡಕ ಇನ್ನೊಂದದ."

"ಮತ್ತ ಹಲ್ಲಿ?"

"ಬುಟ್ಟ್ಯಾಗ ಮಲಗ್ಯದ. ಹೊತ್ತು ಮುಣುಗಿದ್ರ ಮಲಗೋ ಪ್ರಾಣಿ, ಈ ದೆವ್ವದ ಬೆಳಕಿನಾಗ ಹೆಂಗ ನಿದ್ದಿ ಹತ್ತಬೇಕು? ಈಗರ ಧೋತರ ಸರಿಸಿಕೊಂಡು ಒಳಗ ಒಯ್ದೆ."

"ಸೊಪ್ಪು ಮುಟ್ಟವಲ್ದಲ್ಲ?"

"ದಿನಾ ಮುಂಜಾನಿ ಮಾಳಗಿ ಮ್ಯಾಲ ಜಾಳಿಗಿ ಮುಚ್ಚಿ, ಅರ್ಧ ಬಿಸಲು ಅರ್ಧ ನೆರಳು ಮಾಡಿ ಇಡ್ತೀನಿ. ಅಲ್ಲೇ ಬುಟ್ಟಿ ಸೊಪ್ಪು ತಿಂತದ. ಸಂಜೀಕ ಇನ್ನೇನು ತಿಂದೀತು?"

"ನನಗ್ಯಾಕ ಹೇಳಲಿಲ್ಲ?"

"ಸುಮ್ಮಕುಂದ್ರು ಅಂದ್ರಿ. ಕುಂತೆ."

ಅಷ್ಟರಲ್ಲಿ ನನ್ನ ಫೋನಿನಲ್ಲಿ ಉದಯನ ವಿಡಿಯೋ ಕಾಲ್. ಹಣೆ ತುಂಬ ವಿಭೂತಿ, ಹಿಂದೆ ಯಾತ್ರಿಕರ ಭಜನೆ. ಬೆಂಚಿನ ಮೇಲಿದ್ದ ನನ್ನನ್ನು ನೋಡಿ ನಕ್ಕ.

"ಮಾವಾ, ಟ್ಯೂಬ್ ಒಡದ ದಿನಾನೇ ಅಕ್ಕ ಫೋನ್ ಮಾಡಿದ್ಲು. ಆ ಟ್ಯೂಬ್ ಬಿಸಲಿನ ಬದಲಿ ಅಷ್ಟ, ಬಿಸಲಾಗಿಡು ಅಂದಿದ್ದೆ. ರಾಯಚೂರಾಗ ಕುಂತು ಬಿಸಲಿಗೆ ಟ್ಯೂಬ್ ಹುಡುಕಿದಾವ್ರು ನೀವೊಬ್ರೇ ನೋಡ್ರಿ."

ನನ್ನ ಸಿಟ್ಟು ನೆತ್ತಿಗೇರಿತು. "ಲೇ ಉದಯಾ, ಹಲ್ಲಿ ನೋಡ್ಕೊಳ್ಳಾಕ ನನ್ನ ಹತ್ರ ಬಿಟ್ಟೀಯೋ, ನಿಮ್ಮಕ್ಕನ ಹತ್ರ ಬಿಟ್ಟೀಯೋ?"

ಅವನು ಹಣೆಯ ವಿಭೂತಿ ಮುಟ್ಟಿಕೊಂಡ. ಪಾದಯಾತ್ರೆಯಲ್ಲಿ ಸುಳ್ಳು ಹೇಳಬಾರದಲ್ಲ.

"ತಪ್ಪು ತಿಳಕೋಬ್ಯಾಡ್ರಿ ಮಾವಾ. ಇಬ್ರನ್ನೂ ನೋಡ್ಕೊ ಅಂತ ಅಕ್ಕಗ ಹೇಳಿ ಬಂದಿದ್ದೆ."