ಮಾಡು ದಾಟಿದ ಕೊಳವೆ

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಬರುವುದು ಕಷ್ಟ. ಕುಂದಾಪುರದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವನು ನಾನು. ಮಕ್ಕಳು ಕೇಳಿದ್ದಕ್ಕೆ ಉತ್ತರ ಹೊಳೆಯದಿದ್ದರೆ, ಅದು ಮುಂದಿನ ಕ್ಲಾಸಿನಲ್ಲಿ ಬರುತ್ತದೆ, ಕೂತ್ಕೋ ಎಂದು ಗದರಿಸಿ ಪಾರಾಗಬಹುದು. ಮನೆಯಲ್ಲಿ ಮುಂದಿನ ಕ್ಲಾಸೇ ಇಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನನ್ನ ತಾಯಿ ಹಿತ್ತಲ ಬಚ್ಚಲಿಗೆ ಇಳಿಯುವ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲ ಎಂದರು ಡಾಕ್ಟರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಡುಗೆಮನೆ ಪಕ್ಕದ ಉಗ್ರಾಣ ಖಾಲಿ ಮಾಡಿಸಿ ಅಲ್ಲೇ ಬಚ್ಚಲು, ಅದರಾಚೆ ಬೊಂಬಾಯಿ ಮಾದರಿಯ ಪಾಯಖಾನೆ ಮಾಡಿಸುವುದೆಂದು ನಿಶ್ಚಯಿಸಿದೆ. ಬೊಂಬಾಯಿಯಲ್ಲಿ ಕಂಟ್ರಾಕ್ಟರರ ಕೈಕೆಳಗಿದ್ದ ಭಾವ ನಕ್ಷೆ ಕಳಿಸಿದರು. ಎರಡರ ನೀರೂ ನೆಲದಡಿ ಒಂದೇ ಕೊಳವೆ ಸೇರಿ ಗುಂಡಿಗೆ ಹೋಗಬೇಕು. ಬಚ್ಚಲ ತೂತಿನ ಕೆಳಗೆ ಕೊಳವೆ ಬಾಗಿ, ಆ ತಿರುವಿನಲ್ಲಿ ಸದಾ ಸ್ವಲ್ಪ ನೀರು ನಿಂತು ವಾಸನೆ ತಡೆಯಬೇಕು. ಇಷ್ಟು ಅರ್ಥವಾಯಿತು. ಆದರೆ ನಕ್ಷೆಯಲ್ಲಿ ಅದೇ ಕೊಳವೆಯಿಂದ ಇನ್ನೊಂದು ಕವಲೊಡೆದು, ಗೋಡೆ ಹತ್ತಿ, ಹೆಂಚಿನ ಮಾಡು ದಾಟಿ, ಸುಮ್ಮನೆ ಬಾಯಿ ತೆರೆದು ಆಕಾಶ ನೋಡುತ್ತಿತ್ತು.

ಕೆಲಸಕ್ಕೆ ಬಂದವರು ಹಂಗಾರಕಟ್ಟೆಯ ಶೀನ ಆಚಾರ್ರು. ಜನ್ಮವಿಡೀ ದೋಣಿ ಕಟ್ಟಿದವರು. ಅವರು ಹಲಗೆಯ ಸಂದಿಗೆ ಹತ್ತಿ ತುರುಕಿ ರಾಳ ಬಳಿದರೆ ಹನಿ ನೀರು ಒಳಗೆ ಬಾರದು. ನೀರಿನ ಕೆಲಸಕ್ಕೆ ಇವರಿಗಿಂತ ಯಾರು ಬೇಕು ಎಂಬ ತರ್ಕ ನನ್ನದೇ. ಕೊಳವೆಗಳನ್ನೆಲ್ಲ ಜೋಡಿಸಿ ಏಣಿ ಹತ್ತಿದವರು ಆ ತೆರೆದ ಬಾಯಿ ನೋಡಿ ನಿಂತುಬಿಟ್ಟರು.

“ಹ್ವಾಯ್ ಮಾಷ್ಟ್ರೆ, ಈ ಒಟ್ಟೆ ಎಂತಕ್ಕೆ? ಮಳಿ ನೀರ್ ಕುಡೂಕಾ?”

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನೂ ಅದನ್ನೇ ಯೋಚಿಸುತ್ತಿದ್ದೆ, ಮುಚ್ಚಿಬಿಡಿ ಎಂದೆ. ತೂತು ಕಂಡರೆ ಕೈ ತುರಿಸುವ ಆ ಮನುಷ್ಯ ಮರದ ಬಿರಡೆ ಜಡಿದು, ಹತ್ತಿ ತುರುಕಿ, ರಾಳ ಬಳಿದು ಇಳಿದರು. ಸಮುದ್ರವೇ ಮಾಡಿನ ಮೇಲೆ ಬಂದರೂ ಹೆದರಿಕೆಯಿರಲಿಲ್ಲ.

ಪಾಯಖಾನೆಗೆ ಒಂದು ಕೊಡಪಾನ ನೀರು ಹೊಯ್ದರೆ ಸಾಕು, ಬಚ್ಚಲ ತೂತು ಗುಳುಗುಳು ಎಂದು ತನ್ನ ತಿರುವಿನ ನೀರನ್ನೆಲ್ಲ ನುಂಗಿ, ಗುಂಡಿಯ ನಾತವನ್ನು ಮನೆಯೊಳಗೆ ಬಿಡತೊಡಗಿತು. ಮಿಂದು ಮಡಿಯಲ್ಲಿ ದೇವರ ಕೋಣೆಗೆ ಹೋಗುವ ತಾಯಿ ಮೂರನೆಯ ದಿನವೇ ಕೋಲೂರಿಕೊಂಡು ಹಳೆಯ ಮೆಟ್ಟಿಲು ಇಳಿದರು. ಬೇಡವೆಂದು ಹಿಂದೆ ಓಡಿದೆ, ತಿರುಗಿಯೂ ನೋಡಲಿಲ್ಲ. ಭಾವನ ನಕ್ಷೆಯೇ ತಪ್ಪು, ಬೊಂಬಾಯಿಯ ನೀರೇ ಬೇರೆ ಎಂದು ಊಟಕ್ಕೆ ಕೂತಲ್ಲಿ ವಿವರಿಸಿದೆ. ಬಡಿಸುತ್ತಿದ್ದ ಹೆಂಡತಿ ಕೇಳಿದಳು:

“ಚಿಮಣಿ ಎಣ್ಣಿ ಡಬ್ಬಿಗೆ ಎರಡ್ ಒಟ್ಟೆ ಮಾಡುದ್ ಎಂತಕ್ಕೆ? ಒಂದೇ ಆರೆ ಗುಳುಗುಳು ಅಂತಿಲ್ಯಾ? ಅದ್ಕೂ ಉಸ್ರ್ ಬೇಕಲ್ದಾ?”

ಗಾಳಿಯ ಒತ್ತಡ. ಪ್ರತಿವರ್ಷ ನಾನೇ ಬೋರ್ಡಿನ ಮೇಲೆ ಡಬ್ಬಿಯ ಚಿತ್ರ ಬರೆದು, ಎರಡು ತೂತು ತೋರಿಸಿ ಕಲಿಸುವ ಪಾಠ. ಮಾಡಿನ ಮೇಲೆ ನಾನು ಮುಚ್ಚಿಸಿದ್ದು ಆ ಎರಡನೆಯ ತೂತು; ಕೈ ತೊಳೆದವನೇ ಆಚಾರ್ರಿಗೆ ಹೇಳಿಕಳಿಸಿದೆ.

ಆಚಾರ್ರು ಮರುದಿನ ಬಂದು ಬಿರಡೆ ಕಿತ್ತರು. ತಾವು ಮುಚ್ಚಿದ್ದನ್ನು ತಾವೇ ತೆರೆದದ್ದು ಇದೇ ಮೊದಲೆಂದು ಬಹಳ ನೊಂದುಕೊಂಡರು. ಗುಳುಗುಳು ನಿಂತಿತು, ನಾತವೂ ಹೋಯಿತು. ತಾಯಿ ಒಳಗೇ ಮಿಂದು ಬಂದು, ಮೂಗೆಳೆದು ನೋಡಿ, ಅಡ್ಡಿಲ್ಲ ಎಂದರು. ನನಗೆ ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿ, ವಿಜ್ಞಾನ ಕಲಿತರೆ ಎಷ್ಟು ಉಪಯೋಗ ನೋಡಿ ಎಂದುಬಿಟ್ಟೆ.

“ಹೌದ್ ಮಗಾ. ನಾಳೆಂದ ನಿನ್ ಹೆಂಡ್ತಿನ ಶಾಲಿಗ್ ಕಳ್ಸ್. ಹಂಡಿಗ್ ಬೆಂಕಿ ಹಾಕುದ್ ನೀ ಕಾಣ್.”

ಶಾಲೆಗೆ ಈಗಲೂ ನಾನೇ ಹೋಗುತ್ತೇನೆ. ಹಂಡೆಯ ವಿಷಯದಲ್ಲಿ ಮಾತ್ರ ತಾಯಿಯ ಮಾತು ನಡೆಯಿತು. ಹೊಗೆಯಿಂದ ಕೆಂಪಾದ ಕಣ್ಣು ನೋಡಿ, ರಾತ್ರಿಯಿಡೀ ಓದಿದಿರಾ ಎಂದು ಹೆಡ್ಮಾಸ್ಟರು ಕೇಳಿದರೆ, ಹೌದು ಎನ್ನುತ್ತೇನೆ.