ಏನೂ ಕಾಣದ ಚಿತ್ರ

ತಕರಾರಿಗೆಲ್ಲ ಮೂಲ ಚಿತ್ರಪ್ರದರ್ಶನದ ಅರ್ಜಿಯ ಹಿಂಬದಿಯಲ್ಲಿದ್ದ ಒಂದೇ ಒಂದು ಸಾಲು: ‘ಅಮೂರ್ತ ವಿಭಾಗದ ಚಿತ್ರದಲ್ಲಿ ಗುರುತು ಹಿಡಿಯಬಹುದಾದ ಯಾವ ವಸ್ತುವೂ ಇರಕೂಡದು.’ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಇದನ್ನು ಓದಿದ್ದು ಚಿತ್ರ ಒಪ್ಪಿಸಬೇಕಾದ ದಿನ ಬೆಳಿಗ್ಗೆ. ಗಡುವು ಸಂಜೆ ಐದು.

ಗಾಜಿನ ಮೇಲೆ ರಾಸಾಯನಿಕದ ಹನಿ ಒಣಗಿಸಿ, ಮೂಡಿದ ಹರಳುಗಳಿಗೆ ಫಿಲ್ಟರಿನ ಬೆಳಕು ಹಾಯಿಸಿ, ಮೈಕ್ರೋಸ್ಕೋಪಿನ ಮೂಲಕ ಫೋಟೋ ತೆಗೆಯುವುದು ಅವನ ಹುಚ್ಚು. ಅದಕ್ಕಾಗಿ ಎರಡು ವರ್ಷದಿಂದ ಊಟದ ಮೇಜು ಅವನ ವಶದಲ್ಲಿತ್ತು, ಮನೆಮಂದಿ ನೆಲದ ಮೇಲೆ ಉಣ್ಣುತ್ತಿದ್ದರು. ಈ ಸಲ ಪ್ರದರ್ಶನದ ಗೋಡೆಗೆ ಒಂದು ಚಿತ್ರವಾದರೂ ಏರದಿದ್ದರೆ ಮೈಕ್ರೋಸ್ಕೋಪು ಅಟ್ಟಕ್ಕೆ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು; ಅವಳು ಹೇಳಿದ್ದನ್ನು ಮಾಡುವವಳು.

ಆರಿಸಿಟ್ಟಿದ್ದ ಚಿತ್ರವನ್ನು ಮೊದಲು ಅತ್ತೆಗೆ ತೋರಿಸಿದ.

“ಇದ್ರಲ್ಲಿ ಏನಾದ್ರೂ ಕಾಣುತ್ತಾ?”

“ಕಾಣ್ದೆ ಏನು ಅಳಿಯಂದ್ರೇ? ಕಾವಿಗೆ ಕೂತಿರೋ ಕೋಳಿ.”

ಅವನು ತಟ್ಟನೆ ಚಿತ್ರವನ್ನು ತಲೆಕೆಳಗು ಮಾಡಿದ.

“ಈಗ ಕೋಳಿ ಎದ್ದು ಹೊರಟಿದೆ,” ಎಂದರು ಅತ್ತೆ.

ಎರಡನೆಯ ಚಿತ್ರದಲ್ಲಿ ಮಹಡಿ ಮನೆಯ ದರ್ಜಿಯಮ್ಮನಿಗೆ ತಪ್ಪಾಗಿ ಹೊಲಿದ ತೋಳು ಕಂಡಿತು. ಮೂರನೆಯದರಲ್ಲಿ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರಿಗೆ ಅವರ ಹಳೆಯ ಮೇಲಧಿಕಾರಿಯೇ ಕಂಡುಬಿಟ್ಟ.

“ಮೀಸೆ ಸಮೇತ ಇದಾನೆ ಕಣ್ರೀ! ನನ್ನ ಬಡ್ತಿ ತಪ್ಪಿಸಿದೋನು!”

“ಮೀಸೆ ಅಲ್ಲ ಅದು, ಕಾಲರ್ರು,” ಎಂದಳು ದರ್ಜಿಯಮ್ಮ. ಇಬ್ಬರಿಗೂ ಹತ್ತಿಕೊಂಡಿತು. ಹೀಗೆ ಎಲ್ಲರಿಗೂ ಎಲ್ಲವೂ ಕಾಣುತ್ತಿದ್ದರೆ ಅಮೂರ್ತ ಕಲೆ ಬದುಕುವುದಾದರೂ ಹೇಗೆ?

ಮಧ್ಯಾಹ್ನ ಎರಡಕ್ಕೆ ಅಟೆಂಡರ್ ಒಂದಿಷ್ಟು ಯೂರಿಯಾ ನೀರಿನಲ್ಲಿ ಕರಗಿಸಿ, ಗಾಜಿನ ಮೇಲೆ ಹೊಸ ಹನಿ ಬಿಟ್ಟು, ಉಸಿರು ಬಿಗಿಹಿಡಿದು ಕೂತ. ಅಂಚಿನಲ್ಲಿ ಹರಳು ಮೂಡತೊಡಗಿತ್ತು. ಅಷ್ಟರಲ್ಲಿ ಇಣುಕಲು ಬಂದ ಅತ್ತೆ ಸರಿಯಾಗಿ ಅದರ ಮೇಲೇ ಸೀನಿದರು. ಹರಳುಗಳು ದಿಕ್ಕಾಪಾಲಾದವು. ಬೇರೆ ದಾರಿಯಿಲ್ಲದೆ ಅದನ್ನೇ ಕ್ಲಿಕ್ಕಿಸಿದ.

ಎಲ್ಲರೂ ಚಿತ್ರದ ಮೇಲೆ ಮುಗಿಬಿದ್ದರು. ದರ್ಜಿಯಮ್ಮ ಕನ್ನಡಕ ಏರಿಸಿದಳು. ಪೋಸ್ಟ್‌ಮಾಸ್ಟರರು ನಾಲ್ಕೂ ಕಡೆಯಿಂದ ಕತ್ತು ಹೊರಳಿಸಿ ನೋಡಿದರು.

“ಏನೂ ಕಾಣ್ತಿಲ್ಲ ಕಣ್ರೀ.”

“ಥೂ, ಒಂದು ಕೋಳೀನೂ ಇಲ್ಲ,” ಎಂದರು ಅತ್ತೆ.

“ಇದಕ್ಕಾ ನಮ್ಮನ್ನ ಎರಡು ವರ್ಷ ನೆಲದ ಮೇಲೆ ಕೂರಿಸಿದ್ದು?” ಎಂದಳು ಹೆಂಡತಿ.

ಅಟೆಂಡರನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸ್ಟುಡಿಯೋಗೆ ಓಡಿ ಪ್ರಿಂಟ್ ಹಾಕಿಸಿ, ಐದಕ್ಕೆ ಹತ್ತು ನಿಮಿಷವಿರುವಾಗ ಏದುಸಿರು ಬಿಡುತ್ತ ಪ್ರದರ್ಶನದ ಕಚೇರಿ ಮುಟ್ಟಿದ.

ಅಮೂರ್ತ ವಿಭಾಗದ ಮೇಜಿನ ಹಿಂದೆ ಬಿಳಿಗೂದಲಿನ ಹೆಂಗಸೊಬ್ಬರು ಕೂತಿದ್ದರು. ಚಿತ್ರಕಾರರು ತಮ್ಮ ತಮ್ಮವರನ್ನೇ ಆರಿಸುತ್ತಾರೆಂದು ಹಿಂದಿನ ವರ್ಷ ದೊಡ್ಡ ರಂಪವಾಗಿದ್ದರಿಂದ, ಈ ಸಲ ಕಲೆಯ ಗಂಧಗಾಳಿ ಇಲ್ಲದವರನ್ನೇ ಹುಡುಕಿ ತೀರ್ಪುಗಾರರನ್ನಾಗಿ ಕೂರಿಸಿದ್ದರು. ಆಕೆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಅರಳಿತು.

“ಅಬ್ಬಾ, ಎಷ್ಟು ಚೆನ್ನಾಗಿ ಬಂದಿದೆ!”

ಎರಡು ವರ್ಷದಲ್ಲಿ ಅವನ ಚಿತ್ರವನ್ನು ಮನಸಾರೆ ಹೊಗಳಿದವರು ಅವರೊಬ್ಬರೇ. ಅವನ ಕಣ್ಣು ತುಂಬಿ ಬಂತು.

“ಮೂವತ್ತೈದು ವರ್ಷ ಕೆಮಿಸ್ಟ್ರಿ ಪಾಠ ಹೇಳಿದೀನಪ್ಪ, ಇಷ್ಟು ಸ್ಪಷ್ಟವಾದ ಯೂರಿಯಾ ನಾನು ನೋಡೇ ಇರ್ಲಿಲ್ಲ. ಕಣ್ಣಿಗೆ ಬಿದ್ದ ತಕ್ಷಣ ಗುರುತು ಸಿಕ್ಬಿಡ್ತು!” ಎಂದು ಹೇಳಿ, ಅಷ್ಟೇ ಸಂತೋಷದಿಂದ ಅರ್ಜಿಯ ಮೇಲೆ ‘ತಿರಸ್ಕೃತ’ ಎಂದು ಬರೆದರು.